ಉಜ್ಜಯಿನಿಯ ಗೆರೆ, ವಿಜಯಪುರದ ಗುಮ್ಮಟ

1570ನೇ ಇಸವಿ. ಆಂಟ್‌ವರ್ಪ್ ಪಟ್ಟಣದಲ್ಲಿ ಅಬ್ರಹಾಂ ಓರ್ಟೇಲಿಯಸ್ ಎಂಬಾತ ಜಗತ್ತಿನ 53 ಭೂಪಟಗಳನ್ನು ಒಂದೇ ಅಳತೆಯ ಹಾಳೆಗಳಲ್ಲಿ ಅಚ್ಚು ಹಾಕಿಸಿ, ಹೊಲಿಸಿ, ಪುಸ್ತಕ ಮಾಡಿದ. ಇವತ್ತು ಶಾಲೆಯ ಚೀಲದಲ್ಲಿರುವ ಅಟ್ಲಾಸಿನ ವಂಶ ಅಲ್ಲಿಂದ ಶುರು. ಅದೇ ವರ್ಷ ಗೋವೆಯಲ್ಲಿ ಫೆರ್ನಾವ್ ವಾಜ್ ದೊರಾದೊ ಎಂಬ ನಕ್ಷೆಗಾರ ಬಣ್ಣ ತುಂಬಿ ಕಡಲತೀರಗಳ ಅಟ್ಲಾಸ್ ಬರೆದು ಮುಗಿಸಿದ. ಅದೇ ವರ್ಷ ವಿಜಯಪುರದಲ್ಲಿ, ಒಂದನೇ ಅಲಿ ಆದಿಲ್‌ಶಾಹನ ಆಸ್ಥಾನದಲ್ಲಿ, ‘ನುಜೂಮ್ ಅಲ್ ಉಲೂಮ್’ ಎಂಬ ಚಿತ್ರಗ್ರಂಥ ಸಿದ್ಧವಾಯಿತು. ಸುಲ್ತಾನನೇ ಬರೆದನೋ ಬರೆಸಿದನೋ ಎಂಬ ಚರ್ಚೆ ವಿದ್ವಾಂಸರದು. ಗ್ರಹಗಳು, ರಾಶಿಗಳು, ರಾಶಿಚಕ್ರದ ಒಂದೊಂದು ಡಿಗ್ರಿಗೂ ಒಡೆತನವಿರುವ ದೇವತೆಗಳು, ಆನೆ, ಕುದುರೆ, ಆಯುಧ, ತಾಯಿತ ಎಲ್ಲವೂ ಅದರಲ್ಲಿವೆ. ಈಗ ಅದು ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದ ಆಸ್ತಿ.

ಆಂಟ್‌ವರ್ಪಿನವನು ಕಂಡವರ ಮಾತು ಕೇಳಿ ಭೂಮಿ ಬರೆದ, ಗೋವೆಯವನು ಹಡಗಿನವರ ಮಾತು ಕೇಳಿ ದಡ ಬರೆದ, ವಿಜಯಪುರದವರು ಆಕಾಶ ಬರೆದರು. ಮೂವರೂ ಒಂದೇ ಕಾಲದಲ್ಲಿ ಕೆಲಸ ಮಾಡಿದರು. ಗೋವೆಗೂ ವಿಜಯಪುರಕ್ಕೂ ಕುದುರೆ ಮೇಲೆ ಕೆಲವೇ ದಿನಗಳ ದಾರಿ. ಆದರೂ ಆ ಕಾಲದ ಯುರೋಪಿನ ಭೂಪಟಗಳಲ್ಲಿ ನಮ್ಮ ಬಯಲುಸೀಮೆ ಎಂದರೆ ‘ಡೆಕಾನ್’ ಎಂಬ ದೊಡ್ಡ ಅಕ್ಷರಗಳು ಮತ್ತು ನಡುವೆ ಬರೀ ಜಾಗ. ಈ ಜಾಗದಲ್ಲಿ ಏನಿತ್ತು ಎಂದು ನೋಡುವುದಕ್ಕೇ ನಾನು ವಿಜಯಪುರಕ್ಕೆ ಹೋದದ್ದು. ಗುಮ್ಮಟ ನೋಡುವುದಕ್ಕೆ ಎಲ್ಲರೂ ಹೋಗುತ್ತಾರೆ, ನಾನೂ ಹೋಗಿದ್ದೇನೆ. ಈ ಸಲ ಊರನ್ನೇ ಒಂದು ನಕಾಶೆಯಂತೆ ಓದಬೇಕೆಂದು ಹಟ ಹಿಡಿದಿದ್ದೆ.

ಅದಕ್ಕೆ ತಕ್ಕ ಜಾಗ ಉಪ್ಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 24 ಮೀಟರ್ ಎತ್ತರ. ಮೆಟ್ಟಿಲುಗಳು ಹೊರಮೈಗೆ ಸುತ್ತಿಕೊಂಡು ಏರುತ್ತವೆ. ಗಾಳಿ ಬೀಸಿದರೆ ಗೋಡೆ ಹಿಡಿದೇ ನಡೆಯಬೇಕು. ಮೇಲೆ ಉದ್ದನೆಯ ತೋಪುಗಳು ಬಿಸಿಲಲ್ಲಿ ಕಾದು ಮಲಗಿವೆ, ಮುಟ್ಟಿದರೆ ಚುರ್ ಅನ್ನುತ್ತದೆ. ಅಲ್ಲಿಂದ ಊರಿನ ಕೋಟೆ ಕಣ್ಣಿಗೆ ಬೀಳುತ್ತದೆ: ಸುತ್ತಳತೆ ಸುಮಾರು 10 ಕಿ.ಮೀ., ಕಟ್ಟಿ ಮುಗಿದದ್ದು 1565ರಲ್ಲಿ, ಅಂದರೆ ರಕ್ಕಸಗಿ-ತಂಗಡಗಿ ಕಾಳಗದ ವರ್ಷ. ಬಾಗಿಲುಗಳ ಹೆಸರು ಹೇಳಿದರೆ ದಿಕ್ಕು ತಾನಾಗಿ ತಿಳಿಯುತ್ತದೆ. ಬಡಗಣದ್ದು ಬಹಮನಿ ದರವಾಜಾ, ಮೂಡಣದ್ದು ಅಲ್ಲಾಪುರ ದರವಾಜಾ, ಪಡುವಣದ್ದು ಮಕ್ಕಾ ದರವಾಜಾ. ಕಾಗದ, ಶಾಯಿ ಇಲ್ಲದೆ ಊರಿನವರು ಬರೆದಿಟ್ಟ ಭೂಪಟ ಇದು. ತಮಗೆ ಬೇಕಾದ ಊರುಗಳನ್ನೆಲ್ಲ ಬಾಗಿಲಿಗೆ ತೂಗುಹಾಕಿದ್ದಾರೆ, ಮೆಕ್ಕಾ ಕೂಡ ಊರ ಅಂಚಿಗೇ ಬಂದು ನಿಂತಿದೆ.

ಜಗತ್ತಿನ ಬಹುಪಾಲು ಹಳೆಯ ಭೂಪಟಗಳೂ ಹೀಗೆಯೇ, ತಮಗೆ ಬೇಕಾದದ್ದನ್ನು ನಡುವೆ ಇಟ್ಟುಕೊಂಡವು. ಸಿಕ್ಕಿರುವ ಅತ್ಯಂತ ಹಳೆಯ ‘ಲೋಕದ ನಕ್ಷೆ’ ಬ್ಯಾಬಿಲೋನಿನದು. ಅಂಗೈಯಗಲದ ಮಣ್ಣಿನ ಹಲಗೆ, ಕ್ರಿಸ್ತಪೂರ್ವ 6ನೇ ಶತಮಾನದ ಆಸುಪಾಸಿನದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಬ್ಯಾಬಿಲೋನ್ ವೃತ್ತದೊಳಗೆ ಎದ್ದುಕಾಣುವ ಊರು, ಸುತ್ತ ಕಹಿನೀರಿನ ಹೊಳೆ, ಆಚೆ ಅದ್ಭುತಗಳು. ಇಂಗ್ಲೆಂಡಿನ ಹೆರೆಫರ್ಡ್ ಇಗರ್ಜಿಯ 1300ರ ಸುಮಾರಿನ ಪಟದಲ್ಲಿ ಜೆರುಸಲೆಮ್ ನಡುಮಧ್ಯ. ಜೈನರ ಜಂಬೂದ್ವೀಪದಲ್ಲಿ ಮೇರು ಪರ್ವತ ನಡುಮಧ್ಯ. ನಾನು ನಿಂತದ್ದೇ ನಡುಮನೆ ಎಂಬ ಹಮ್ಮನ್ನು ಮೊದಲು ಗಂಭೀರವಾಗಿ ಮುರಿದವನು ಅಲೆಕ್ಸಾಂಡ್ರಿಯಾದ ಟಾಲೆಮಿ. ಕ್ರಿ.ಶ. 150ರ ಸುಮಾರಿಗೆ ಅವನು ಬರೆದ ‘ಜಿಯೋಗ್ರಫಿಯಾ’ದಲ್ಲಿ ಸುಮಾರು 8,000 ಸ್ಥಳಗಳಿವೆ, ಪ್ರತಿಯೊಂದಕ್ಕೂ ಅಕ್ಷಾಂಶ-ರೇಖಾಂಶ ಎಂಬ ಎರಡು ಅಂಕಿ. ಪಟ ಹರಿದುಹೋದರೂ ಅಂಕಿ ಉಳಿದರೆ ಸಾಕು, ಮತ್ತೆ ಬರೆದುಕೊಳ್ಳಬಹುದು. ಭೂಪಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಜಾಣತನ ನನಗೆ ಕಂಡಿಲ್ಲ.

ಆ 8,000 ಹೆಸರುಗಳಲ್ಲಿ ‘ಇಂಡೆ’ ಎಂಬುದೊಂದಿದೆ. ಅದು ನಮ್ಮ ವಿಜಯಪುರ ಜಿಲ್ಲೆಯ ಇಂಡಿಯೇ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ‘ಬದಿಯಮಯೊಯ್’ ಬಾದಾಮಿ, ‘ಬನವಾಸೈ’ ಬನವಾಸಿ, ‘ಮೊದೊಗುಲ್ಲ’ ಮುದಗಲ್ಲು ಎಂದೂ ಹೇಳುತ್ತಾರೆ. ಬನವಾಸಿಯ ಬಗ್ಗೆ ತಕರಾರಿಲ್ಲ, ಉಳಿದವನ್ನು ಸ್ವಲ್ಪ ಉಪ್ಪು ಹಚ್ಚಿಯೇ ನುಂಗಬೇಕು. ಏಕೆಂದರೆ ಟಾಲೆಮಿ ಇತ್ತ ಕಾಲಿಟ್ಟವನಲ್ಲ. ವ್ಯಾಪಾರಿಗಳು ಹೇಳಿದ ಹಾದಿಯ ದಿನಗಳನ್ನು ಡಿಗ್ರಿಗೆ ತಿರುಗಿಸಿದವನು. ಅದಕ್ಕೇ ಅವನ ಭಾರತಕ್ಕೆ ತುದಿಯೇ ಇಲ್ಲ, ದಕ್ಷಿಣವೆಲ್ಲ ಸಪಾಟಾಗಿ ಪೂರ್ವಕ್ಕೆ ಮಲಗಿಬಿಟ್ಟಿದೆ, ಸಿಂಹಳ ಮಾತ್ರ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಊದಿಕೊಂಡು ಕುಳಿತಿದೆ. ಆದರೂ ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರಿಗೆ, ಈ ಊರಿನ ಹೆಸರು 1,800 ವರ್ಷ ಹಿಂದೆ ನೈಲ್ ನದಿಯ ಮುಖದಲ್ಲಿ ಕುಳಿತ ಒಬ್ಬನ ಪಟ್ಟಿಯಲ್ಲಿ ಇದ್ದಿರಬಹುದು ಎಂದು ಹೇಳಿದರೆ ಯಾರಿಗೆ ಖುಷಿಯಾಗದು?

ಟಾಲೆಮಿ ತನ್ನ ರೇಖಾಂಶಗಳನ್ನು ಆಫ್ರಿಕದ ಪಡುವಣ ಕಡಲಿನ ‘ಭಾಗ್ಯದ ದ್ವೀಪ’ಗಳಿಂದ ಎಣಿಸಿದ. ನಮ್ಮ ಜ್ಯೋತಿಷಿಗಳು ಎಣಿಸಿದ್ದು ಉಜ್ಜಯಿನಿಯಿಂದ. ಲಂಕೆ, ಉಜ್ಜಯಿನಿ, ಕುರುಕ್ಷೇತ್ರ, ಮೇರು ಇವನ್ನು ಕೂಡಿಸುವ ತೆಂಕಣ-ಬಡಗಣ ಗೆರೆಯೇ ಭೂಮಿಯ ನಡುಗೆರೆ. ಅದರಿಂದ ಮೂಡಣಕ್ಕೋ ಪಡುವಣಕ್ಕೋ ಎಷ್ಟು ದೂರವಿದ್ದೀರಿ ಎನ್ನುವುದೇ ದೇಶಾಂತರ. ಈಗ ಮೊಬೈಲ್ ತೆಗೆದು ನೋಡಿ. ಉಜ್ಜಯಿನಿಯ ಮಹಾಕಾಲ ಗುಡಿ 75.77 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಗೋಳಗುಮ್ಮಟ 75.74ರಲ್ಲಿದೆ. ವ್ಯತ್ಯಾಸ ಲೆಕ್ಕ ಹಾಕಿದರೆ ಸುಮಾರು ಮೂರೂವರೆ ಕಿಲೋಮೀಟರ್! ಹಳೆಯ ಭಾರತದ ಗ್ರೀನಿಚ್ ಗೆರೆ ವಿಜಯಪುರದ ರೈಲು ನಿಲ್ದಾಣದ ಆಚೆ, ಐನಾಪುರದ ಕಡೆ, ಕರಿ ಎರೆಹೊಲಗಳ ನಡುವೆ ಹಾದುಹೋಗುತ್ತದೆ. ಅಲ್ಲಿಗೆ ಆಟೋದಲ್ಲಿ ಹೋದೆ. ‘ಏನೈತ್ರಿ ಅಲ್ಲಿ ನೋಡಾಕ?’ ಎಂದು ಆಟೋದವ ಕೇಳಿದ. ಗೆರೆ ಐತಿ ಎಂದೆ. ಅವನು ಹಿಂದಿರುಗಿ ನನ್ನ ಮುಖ ನೋಡಿದ, ಮೀಟರ್ ಮೇಲೆ ಮಾತ್ರ ನಂಬಿಕೆ ಇಟ್ಟ.

ಭಾಸ್ಕರಾಚಾರ್ಯ ಹುಟ್ಟಿದ್ದು ಇದೇ ವಿಜಯಪುರದಲ್ಲಿ ಎಂದು ಇಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ತನ್ನ ಊರು ಸಹ್ಯಾದ್ರಿಯ ತಪ್ಪಲಿನ ವಿಜ್ಜಡವಿಡ ಎಂದು ಅವನೇ ಬರೆದಿದ್ದಾನೆ. ಮರಾಠಿಗರು ಚಾಳೀಸಗಾಂವ್ ಬಳಿಯ ಪಾಟಣ ಎನ್ನುತ್ತಾರೆ; ಅವನ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳ ಓದಿಗೆಂದು ಮಠ ಸ್ಥಾಪಿಸಿದ 1207ರ ಶಾಸನ ಅಲ್ಲಿದೆ. ಸಹ್ಯಾದ್ರಿಯ ತಪ್ಪಲು ಎಂಬ ಮಾತು ವಿಜಯಪುರದ ಬಯಲಿಗೆ ಒಪ್ಪುವುದಿಲ್ಲ ಎಂದೇ ನನ್ನ ಅಭಿಪ್ರಾಯ, ಬೈಯುವವರು ಬೈಯಲಿ. ಆದರೆ ಅವನ ಲೆಕ್ಕ ಮಾಡಿ ನೋಡಲು ವಿಜಯಪುರದಷ್ಟು ಹದವಾದ ಊರು ಇನ್ನೊಂದಿಲ್ಲ.

1150ರ ‘ಸಿದ್ಧಾಂತ ಶಿರೋಮಣಿ’ಯ ಗೋಲಾಧ್ಯಾಯದಲ್ಲಿ ಭಾಸ್ಕರ ಕೇಳುತ್ತಾನೆ: ಭೂಮಿ ದುಂಡಗಿದ್ದರೆ ಚಪ್ಪಟೆ ಕಾಣುವುದೇಕೆ? ಸುತ್ತಳತೆಯ ನೂರನೇ ಒಂದು ಪಾಲು ಸಪಾಟಾಗಿಯೇ ಕಾಣುತ್ತದೆ, ಮನುಷ್ಯ ಅಷ್ಟು ಚಿಕ್ಕವನು ಎಂಬುದು ಅವನ ಉತ್ತರದ ಸಾರ. ಉಪ್ಪಲಿ ಬುರುಜಿನ ಮೇಲೆ ನಿಂತವನಿಗೆ ದಿಗಂತ ಎಷ್ಟು ದೂರ? 24 ಮೀಟರ್ ಎತ್ತರಕ್ಕೆ ಸುಮಾರು ಹದಿನೇಳೂವರೆ ಕಿ.ಮೀ. ಸಪಾಟು ನೆಲವೆಂದು ಹಿಡಿದರೆ, 20 ಕಿ.ಮೀ. ದೂರದ ತಿಕೋಟಾದ ನೆಲ ಆಗಲೇ ಭೂಮಿಯ ಬಾಗಿಗೆ ಮುಳುಗಿರುತ್ತದೆ. ಭೂಮಿಯ ಸುತ್ತಳತೆ ತಿಳಿಯುವ ದಾರಿಯನ್ನೂ ಅವನು ಹೇಳುತ್ತಾನೆ: ಒಂದೇ ತೆಂಕಣ-ಬಡಗಣ ಗೆರೆಯ ಮೇಲಿನ ಎರಡು ಊರು ಆರಿಸಿಕೊ, ಅಕ್ಷಾಂಶದ ವ್ಯತ್ಯಾಸ ನೋಡು, ನಡುವಿನ ದೂರ ಅಳೆ, ತ್ರೈರಾಶಿ ಹಾಕು. ವಿಜಯಪುರ ಮತ್ತು ಉಜ್ಜಯಿನಿ ಅಂಥ ಜೋಡಿ. ಅಕ್ಷಾಂಶದ ವ್ಯತ್ಯಾಸ 6.35 ಡಿಗ್ರಿ, ನೇರ ದೂರ ಸುಮಾರು 703 ಕಿ.ಮೀ. ಗುಣಿಸಿದರೆ 40 ಸಾವಿರ ಕಿ.ಮೀ.ಗೆ ಚೂರು ಕಡಿಮೆ ಬರುತ್ತದೆ. ಭೂಮಿಯ ಸುತ್ತಳತೆ ಸರಿಸುಮಾರು ಅಷ್ಟೇ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಎರಟೋಸ್ತನೀಸ್ ಅಲೆಕ್ಸಾಂಡ್ರಿಯಾ ಮತ್ತು ಸೈಯೀನ್ ನಡುವೆ ಮಾಡಿದ್ದೂ ಇದೇ ಕೆಲಸ. ಅವನ ಎರಡು ಊರುಗಳು ಒಂದೇ ಗೆರೆಯ ಮೇಲಿರಲಿಲ್ಲ, ನಮ್ಮವು ಅವಕ್ಕಿಂತ ನೇರ.

ಅಕ್ಷಾಂಶ ತಿಳಿಯುವುದು ಹೇಗೆ? 12 ಅಂಗುಲದ ಕೋಲು ನೆಡಬೇಕು. ಹಗಲು-ಇರುಳು ಸಮನಾದ ದಿನ ನಡುಹಗಲಿನ ನೆರಳು ಅಳೆಯಬೇಕು. ವಿಜಯಪುರದಲ್ಲಿ ಅದು 3.6 ಅಂಗುಲ, ಉಜ್ಜಯಿನಿಯಲ್ಲಿ 5.1. ಒಂದು ಕೋಲು, ಒಂದು ನೆರಳು, ಇಷ್ಟೇ ಸಾಮಾನು.

ಭಾಸ್ಕರ ಹೀಗೆ ಬರೆದ ನಾಲ್ಕೇ ವರ್ಷಕ್ಕೆ, 1154ರಲ್ಲಿ, ಸಿಸಿಲಿಯ ಪಲೆರ್ಮೋದಲ್ಲಿ ಅಲ್ ಇದ್ರಿಸಿ ರಾಜ ಎರಡನೇ ರೋಜರನಿಗಾಗಿ 70 ತುಂಡುಗಳ ಲೋಕಪಟ ಮುಗಿಸಿದ. ಅದರಲ್ಲಿ ದಕ್ಷಿಣ ಮೇಲೆ, ಉತ್ತರ ಕೆಳಗೆ. ಅರಬರಿಗೆ ಉಜ್ಜಯಿನಿಯ ಗೆರೆ ಅಷ್ಟರಲ್ಲಿ ಚೆನ್ನಾಗಿ ಗೊತ್ತಿತ್ತು. ಬರಹದಲ್ಲಿ ಒಂದು ಚುಕ್ಕೆ ಉದುರಿ ಉಜ್ಜೈನ್ ‘ಅರಿನ್’ ಆಯಿತು. ಅದನ್ನು ಭೂಮಧ್ಯರೇಖೆಗೆ ಜಾರಿಸಿ ‘ಭೂಮಿಯ ಗುಮ್ಮಟ’ ಎಂದರು. ಆ ಅರಿನ್ ಲ್ಯಾಟಿನ್ ಪುಸ್ತಕಗಳಿಗೆ ಹೊಕ್ಕು, ಕಾರ್ಡಿನಲ್ ಪಿಯೆರ್ ದೈಯ್ಯಿಯ ‘ಇಮಾಗೊ ಮುಂಡಿ’ಗೆ ಹೊಕ್ಕು, ಅದನ್ನು ಓದಿದ ಕೊಲಂಬಸನ ತಲೆಗೂ ಹೊಕ್ಕಿತು. 1498ರ ಮೂರನೇ ಯಾತ್ರೆಯ ಪತ್ರದಲ್ಲಿ ಅವನು ಅರಿನ್ ಹೆಸರು ಎತ್ತುತ್ತಾನೆ. ಅಮೆರಿಕದ ದಡದಲ್ಲಿ ನಿಂತವನ ಬಾಯಲ್ಲಿ ಉಜ್ಜಯಿನಿ!

ಮತ್ತೆ ವಿಜಯಪುರಕ್ಕೆ ಬಂದರೆ, ಇಲ್ಲಿನ ಜಾಮಿಯಾ ಮಸೀದಿಯ ಒಳಗೆ ನೆಲದ ಮೇಲೆ 2,250 ಚೌಕಗಳಿವೆ, ಒಬ್ಬೊಬ್ಬರ ನಮಾಜಿಗೆ ಒಂದೊಂದು. ಔರಂಗಜೇಬನ ಕಾಲದ ಗೆರೆಗಳು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಭೂಗೋಳ ಇಸ್ಲಾಮಿ ವಿದ್ವಾಂಸರಿಗೆ ದಿನನಿತ್ಯದ ಅಗತ್ಯವಾದದ್ದು ಇದರಿಂದಲೇ: ಮೆಕ್ಕಾ ಯಾವ ಕಡೆ? ಅಲ್ ಬಿರೂನಿ ಘಜ್ನಿಯ ಕಿಬ್ಲಾ ದಿಕ್ಕು ಕಂಡುಹಿಡಿಯಲು ಒಂದು ಗ್ರಂಥವನ್ನೇ ಬರೆದ. ನಂದನ ಕೋಟೆಯ ಬಳಿಯ ಗುಡ್ಡದಿಂದ ದಿಗಂತ ಎಷ್ಟು ಕೆಳಗೆ ಬಾಗಿದೆ ಎಂದು ನೋಡಿ ಭೂಮಿಯ ತ್ರಿಜ್ಯವನ್ನೇ ತೆಗೆದ. ವಿಜಯಪುರದಿಂದ ಮೆಕ್ಕಾ ನಾವು ಅಂದುಕೊಂಡಂತೆ ನೇರ ಪಶ್ಚಿಮಕ್ಕಿಲ್ಲ, ಗೋಳದ ಲೆಕ್ಕದಲ್ಲಿ ಪಶ್ಚಿಮದಿಂದ 13 ಡಿಗ್ರಿಗೂ ಸ್ವಲ್ಪ ಹೆಚ್ಚು ಉತ್ತರಕ್ಕಿದೆ. ಚಪ್ಪಟೆ ಪಟದಲ್ಲಿ ಸ್ಕೇಲು ಇಟ್ಟರೆ ಈ ಉತ್ತರ ಸಿಗುವುದಿಲ್ಲ.

ಗೋಳವನ್ನು ಹಾಳೆಗೆ ಇಳಿಸುವುದು ಟಾಲೆಮಿಯಿಂದ ಮರ್ಕೇಟರ್‌ವರೆಗೆ ಎಲ್ಲರನ್ನೂ ಕಾಡಿದ ಕಷ್ಟ. ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು. 1569ರಲ್ಲಿ ಮರ್ಕೇಟರ್ ನಾವಿಕರ ಅನುಕೂಲಕ್ಕೆಂದು ಧ್ರುವದ ಕಡೆಗೆಲ್ಲ ಎಳೆದುಬಿಟ್ಟ. ದಿಕ್ಸೂಚಿಯ ಗೆರೆ ನೇರವಾಯಿತು, ಗ್ರೀನ್‌ಲ್ಯಾಂಡ್ ಊದಿಕೊಂಡಿತು. ವಿಜಯಪುರದ ಕಟ್ಟಡಗಾರರ ಕಷ್ಟ ತಿರುವುಮುರುವು: ಚೌಕದ ಮೇಲೆ ಗೋಳ ಏರಿಸಬೇಕು. ಗೋಳಗುಮ್ಮಟದ ಒಳಗೆ ತಲೆ ಎತ್ತಿದರೆ ಅವರ ಉತ್ತರ ಕಾಣುತ್ತದೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ ಕಮಾನುಗಳು ಒಂದನ್ನೊಂದು ಕತ್ತರಿಸುತ್ತವೆ. ನಾಲ್ಕು ಮೂಲೆ ಎಂಟಾಗುತ್ತದೆ, ಎಂಟರ ಮೇಲೆ ದುಂಡನೆಯ ಕಟ್ಟೆ ಕೂರುತ್ತದೆ, ಅದರ ಮೇಲೆ ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ. ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲಾ ಮಕ್ಕಳು ಸಿಳ್ಳೆ ಹೊಡೆಯುತ್ತಿದ್ದರು, ಮಾಸ್ತರು ಗದರುತ್ತಿದ್ದರು, ಗದರಿದ್ದೂ ಮತ್ತೆ ಮತ್ತೆ ಮರಳುತ್ತಿತ್ತು. ನಾನು ಆ ಕಮಾನುಗಳು ಕೂಡುವ ಜಾಗವನ್ನೇ ಕತ್ತು ನೋಯುವಷ್ಟು ಹೊತ್ತು ನೋಡಿದೆ.

ಈ ಗುಮ್ಮಟ ಏಳುತ್ತಿದ್ದ ಕಾಲದಲ್ಲೇ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಬಂದಿದ್ದ. ಅವನ ಪುಸ್ತಕದ ಪ್ರಕಾರ ಇದು ದೊಡ್ಡ ಊರು ನಿಜ, ಆದರೆ ನೋಡತಕ್ಕ ಕಟ್ಟಡವೇನೂ ಇಲ್ಲ. ಅರಮನೆಯ ಕಂದಕದಲ್ಲಿ ಮೊಸಳೆಗಳಿವೆ. ಮೊಸಳೆ ಕಂಡವನಿಗೆ ಗುಮ್ಮಟ ಕಾಣಲಿಲ್ಲ! ದೂರದ ನಕ್ಷೆಗಾರರು ನಂಬಿದ್ದು ಇಂಥ ಸಾಕ್ಷಿಗಳನ್ನು.

ಮರುದಿನ ಅಥಣಿ ರಸ್ತೆ ಹಿಡಿದು ಪಡುವಣಕ್ಕೆ ಹೊರಟೆ. ಮಹಿಳಾ ವಿಶ್ವವಿದ್ಯಾಲಯ ಇರುವ ತೊರವಿಯ ಸುತ್ತಮುತ್ತ 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ನವರಸಪುರ ಎಂಬ ಹೊಸ ಊರು ಕಟ್ಟಲು ಶುರು ಮಾಡಿದ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಉಳಿದದ್ದು ಸಂಗೀತ ಮಹಲಿನ ಕಮಾನು ಮತ್ತು ಮುಳ್ಳುಕಂಟಿ. ಹಾಲೆಂಡಿನ ಹಾರ್ಲೆಮ್‌ನಿಂದ ಬಂದ ಚಿತ್ರಕಾರ ಕಾರ್ನೆಲಿಸ್ ಹೇಡಾ ಈ ಸುಲ್ತಾನನ ಆಸ್ಥಾನದಲ್ಲಿ ವರ್ಷಗಟ್ಟಲೆ ಇದ್ದ. ತೊರವಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸುರಂಗ ಬಾವಡಿ. ನೆಲದಡಿಯಲ್ಲಿ ಸುರಂಗ ಕೊರೆದು, ಬರೀ ಇಳಿಜಾರಿನ ಬಲದಿಂದ, ಊರಿಗೆ ನೀರು ಹರಿಸಿದವರು ಇವರು. ಮೇಲೆ ನಿಂತರೆ ಇಳಿಜಾರು ಕಣ್ಣಿಗೆ ಬೀಳುವುದೇ ಇಲ್ಲ. ಬಾವಿಯ ಬಾಯಿಯಲ್ಲಿ ಬಗ್ಗಿ ನೋಡಿದರೆ ಉಳಿಯ ಗುರುತಿರುವ ಕಲ್ಲು, ತಂಪು ಗಾಳಿ, ಒಳಗೆ ಕತ್ತಲು. ಅಷ್ಟು ದೂರಕ್ಕೆ ಅಷ್ಟು ಸಣ್ಣ ಇಳಿಜಾರನ್ನು ಕಾಯ್ದುಕೊಂಡವರಿಗೆ ಈ ನೆಲದ ಅಳತೆ ಅಂಗೈಮೇಲಿತ್ತು. ಅದನ್ನು ನೆಲದೊಳಗೇ ಬರೆದಿಟ್ಟರು.

ತಿಕೋಟಾ ಬಂತೆಂದರೆ ದ್ರಾಕ್ಷಿ ಚಪ್ಪರ ಶುರು. ಒಣದ್ರಾಕ್ಷಿ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿದ ಗೊಂಚಲುಗಳು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿದ್ದವು. ಶೆಡ್ಡಿನ ಯಜಮಾನ ಫೋನಿನಲ್ಲಿ ತನ್ನ ಹೊಲದ ನಕಾಶೆ ತೋರಿಸಿದ: ಸರ್ವೇ ನಂಬರು, ಹದ್ದು, ಪಕ್ಕದವನ ಬಾಂದಕಲ್ಲು, ಎಲ್ಲ ಗೆರೆಯೊಳಗೆ. ‘ನಕಾಶೆದಾಗ ಹದ್ದು ಬ್ಯಾರೆ, ಹೊಲದಾಗ ಬ್ಯಾರೆ’ ಎಂದು ನಕ್ಕ. ಓರ್ಟೇಲಿಯಸ್ ಇದ್ದಿದ್ದರೆ ತಲೆಯಾಡಿಸುತ್ತಿದ್ದ.

ಆ ಕಾಲದಲ್ಲಿ ನಕಾಶೆಗಾಗಿ ಕಳ್ಳತನವೇ ನಡೆಯುತ್ತಿತ್ತು. ಪೋರ್ಚುಗೀಸರು ತಮ್ಮ ಮೂಲಪಟವನ್ನು ಲಿಸ್ಬನ್ನಿನಲ್ಲಿ ಕಾವಲಿಟ್ಟಿದ್ದರು. 1502ರಲ್ಲಿ ಅಲ್ಬೆರ್ತೊ ಕಾಂಟಿನೊ ಎಂಬವನು ಫೆರಾರಾದ ಡ್ಯೂಕನಿಗಾಗಿ ಅದರ ನಕಲನ್ನು 12 ಬಂಗಾರದ ನಾಣ್ಯಕ್ಕೆ ಗುಟ್ಟಾಗಿ ಮಾಡಿಸಿದ. ಟಾಲೆಮಿ ಮಲಗಿಸಿದ್ದ ಭಾರತ ಅದರಲ್ಲಿ ಎದ್ದು ನಿಂತಿದೆ, ತ್ರಿಕೋನವಾಗಿ, ತುದಿಯೊಂದಿಗೆ. ಮುಂದೆ 1859ರ ದೊಂಬಿಯಲ್ಲಿ ಅದು ಕಳೆದುಹೋಗಿ, ಕೊನೆಗೆ ಇಟಲಿಯ ಮೊದೇನಾ ಊರಿನ ಮಾಂಸದಂಗಡಿಯಲ್ಲಿ ಸಿಕ್ಕಿತು. 1583ರಲ್ಲಿ ಗೋವೆಯ ಆರ್ಚ್‌ಬಿಷಪ್ಪನ ಗುಮಾಸ್ತನಾಗಿ ಬಂದ ಡಚ್ಚ ಲಿನ್ಸ್‌ಖೋಟೆನ್ ಕಂಡದ್ದನ್ನೆಲ್ಲ ಬರೆದುಕೊಂಡು, 1596ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ. ಪೋರ್ಚುಗೀಸರ ಗುಟ್ಟು ಬಯಲಾಯಿತು, ಡಚ್ಚರ ಹಡಗುಗಳು ಒಂದರ ಹಿಂದೊಂದು ಹೊರಟವು. ಅವನ ಬರಹದಲ್ಲೂ ವಿಜಯಪುರದ ಅರಸ ‘ಇದಲ್ಕಾನ್’, ಅಂದರೆ ಆದಿಲ್ ಖಾನ್. ಊರಿಗಿಂತ ದೊರೆಯ ಹೆಸರೇ ದೊಡ್ಡದು. ದಡದಲ್ಲಿ ನಿಂತವರಿಗೆ ಕಾಣುವುದು ದಂಡು ಮಾತ್ರ. 1570ರ ಕೊನೆಗೆ ಆ ದಂಡು ಗೋವೆಗೆ ಮುತ್ತಿಗೆ ಹಾಕಿ ವರ್ಷವಿಡೀ ಕುಳಿತಿತ್ತು. ವಾಜ್ ದೊರಾದೊ ತನ್ನ 1571ರ ಅಟ್ಲಾಸ್ ಬರೆದದ್ದು ಅದೇ ಗೋವೆಯಲ್ಲಿ, ಆದಿಲ್‌ಶಾಹನ ತೋಪಿನ ಸದ್ದು ಕೇಳುತ್ತ.

ತಿಕೋಟಾದಿಂದ ಒಳದಾರಿಯಲ್ಲಿ ಬಬಲೇಶ್ವರಕ್ಕೆ ಬಂದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುವ ಸೀಮೆ, ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕಬ್ಬು, ದ್ರಾಕ್ಷಿಗೂ ಒಗ್ಗಿದೆ. ಊರ ಹೊರಗೆ, ದೀಪಗಳಿಗೆ ಬೆನ್ನು ಮಾಡಿ, ಕತ್ತಲಾದ ಮೇಲೆ ಬದುವಿನ ಮೇಲೆ ನಿಂತೆ. ತೋಳು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಬಡಗಣ ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಇನ್ನೊಂದರ ಮುಕ್ಕಾಲು ಇಟ್ಟರೆ ಅಲ್ಲಿ ಧ್ರುವ ನಕ್ಷತ್ರ. ಅಂದರೆ 17 ಡಿಗ್ರಿಯ ಆಸುಪಾಸು, ಅದೇ ಈ ಊರಿನ ಅಕ್ಷಾಂಶ. ಅರಬ್ ನಾವಿಕರು ಮುಷ್ಟಿಯ ಬದಲು ‘ಕಮಾಲ್’ ಎಂಬ ಹಲಗೆಗೆ ಗಂಟು ಹಾಕಿದ ದಾರ ಕಟ್ಟಿ ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಒಂದೊಂದು ಬಂದರಿಗೆ ಒಂದೊಂದು ಗಂಟು. ನನ್ನ ಕೈ ನಡುಗಿತು, ಮೋಡ ಬಂತು, ಮತ್ತೆ ಹಿಡಿದೆ, ಲೆಕ್ಕ ಅಷ್ಟೇ ಬಂತು.

ಭೂಪಟದ ಚರಿತ್ರೆ ಬರೆಯುವವರು ವೆನಿಸ್, ಲಿಸ್ಬನ್, ಆಂಟ್‌ವರ್ಪ್ ಎಂದು ಪಟ್ಟಿ ಮಾಡುತ್ತಾರೆ. ಅಚ್ಚು ಹಾಕಿದವರ ಚರಿತ್ರೆ ಅದು, ಸರಿಯೇ. ಅಳೆದವರ ಚರಿತ್ರೆ ಬೇರೆ, ಅದರಲ್ಲಿ ವಿಜಯಪುರಕ್ಕೆ ಪಾಲು ಇದೆ. ಗುಮ್ಮಟ ನೋಡಲು ಬರುವವರಿಗೆ ಈ ಊರು ಉಜ್ಜಯಿನಿಯ ಗೆರೆಗೆ ಎಷ್ಟು ಹತ್ತಿರ ಎಂದು ಹೇಳುವ ಒಂದು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಐನಾಪುರದ ಕಡೆ ಆ ಗೆರೆ ಹಾಯುವ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಪಕ್ಕದಲ್ಲಿ 12 ಅಂಗುಲದ ಶಂಕು ನಿಲ್ಲಿಸಿದರೆ ಪ್ರವಾಸೋದ್ಯಮ ಇಲಾಖೆಗೆ ಆಗುವ ಖರ್ಚು ಒಂದು ಫ್ಲೆಕ್ಸಿನದು. ಅದು ಆಗುವವರೆಗೆ ವಿಜಯಪುರದ ಮಾಸ್ತರುಗಳು ಇಷ್ಟು ಮಾಡಬಹುದು: ಸೂರ್ಯ ಈ ಊರಿನ ನಡುನೆತ್ತಿಗೆ ವರ್ಷಕ್ಕೆ ಎರಡು ಸಲ ಬರುತ್ತಾನೆ, ಮೇ ಮೊದಲ ವಾರ ಕಳೆಯುವ ಹೊತ್ತಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ. ಮೋಡ ಸರಿದ ಮಧ್ಯಾಹ್ನ ಮಕ್ಕಳನ್ನು ಅಂಗಳಕ್ಕೆ ಕರೆದು ಒಂದು ಕೋಲು ನೆಡಿಸಿ. ನೆರಳು ಬುಡದಲ್ಲೇ ಅಡಗುತ್ತದೆ.